ನಮ್ಮವರ ಹಾರ್ಟು, ಮಂದಿಯ ಉಪಚಾರ

ಹೃದಯಾಘಾತ ನಮ್ಮ ಮನೆಯಲ್ಲಿ ಆದದ್ದು ಒಂದೇ ಸಲ. ಅದರಿಂದ ಹುಟ್ಟಿದ ಪ್ರಸಂಗಗಳು ಮಾತ್ರ ಇನ್ನೂ ಆಗುತ್ತಲೇ ಇವೆ. ನಾನು ಹಿಂದೆಂದೂ ಬರೆದವಳಲ್ಲ, ಆದ್ದರಿಂದ ಮೊದಲೇ ಬಿಡಿಸಿ ಹೇಳುತ್ತೇನೆ: ಆಘಾತವಾದದ್ದು ನನಗಲ್ಲ, ನಮ್ಮ ಯಜಮಾನರಿಗೆ. ಅಂದಿನಿಂದ ಅವರ ಹೃದಯದ ಶಕ್ತಿ ಕುಗ್ಗಿದೆ. ಅದು ರಕ್ತವನ್ನು ಸರಿಯಾಗಿ ತಳ್ಳದಿದ್ದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಮೊದಲು ಕಾಲಲ್ಲಿ, ಆಮೇಲೆ ಶ್ವಾಸಕೋಶದಲ್ಲಿ. ಅಲ್ಲಿಗೆ ಬಂದರೆ ಜೀವಕ್ಕೇ ಅಪಾಯ. ಇದಿಷ್ಟು ಗೊತ್ತಿದ್ದರೆ ಮುಂದೆ ನಗಬಹುದು.

ದಡ್ಡಿಯ ಚಹಾ

ನೀರು, ಚಹಾ, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಇಷ್ಟೇ ಎಂದು ಗೋಕಾಕದ ಡಾಕ್ಟರು ಅಳತೆ ಹಾಕಿಕೊಟ್ಟಿದ್ದಾರೆ. ದಡ್ಡಿ ನನ್ನ ತವರು. ಅಲ್ಲಿಗೆ ಹೋದಾಗ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಇವರಿಗೆ ದೊಡ್ಡ ಲೋಟದ ತುಂಬ ಚಹಾ ತಂದಳು.

"ಬ್ಯಾಡ ಕಾಕು, ನೀರ ಕಡಿಮಿ ಮಾಡ್ರಿ ಅಂದಾರ ಡಾಕ್ಟರು," ಎಂದೆ.

ಕಾಕುವಿಗೆ ಸಿಟ್ಟೇ ಬಂತು. "ನಮ್ಮನಿ ಚಾದಾಗ ನೀರ ಎಲ್ಲಿ ಐತವಾ? ಎರಡ ಎಮ್ಮಿ ಕಟ್ಟೇವಿ. ಬರೇ ಹಾಲಾಗ ಕುದಸಿದ್ದು!"

ದಿಂಬಿನ ಲೆಕ್ಕ

ಶ್ವಾಸಕೋಶದಲ್ಲಿ ನೀರು ಸೇರಿದವರಿಗೆ ತಲೆ ಎತ್ತರಿಸದೆ ಮಲಗಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ಡಾಕ್ಟರು ಪ್ರತಿ ಸಲ ದಿಂಬಿನ ಬಗ್ಗೆ ವಿಚಾರಿಸುತ್ತಾರೆ. ಇವರಿಗೆ ಅದು ಗೊತ್ತಿರಲಿಲ್ಲ.

"ಮಲಗಾಕ ಎಷ್ಟು ದಿಂಬು ಬೇಕಾಗ್ತಾವ್ರಿ?"

"ಮನ್ಯಾಗ ಭಾಳ ಅದಾವ್ರಿ ಸಾಹೇಬ್ರ. ಮಗಳ ಮದವಿಗಂತ ಮಾಡಿಸಿದ್ವಿ. ನಿಮಗ ಎಷ್ಟ ಬೇಕ ಹೇಳ್ರಿ, ನಾಳಿ ಕಳಸ್ತೀನಿ."

ಕಾಟಾದ ಧರ್ಮ

ದಿನಾ ಬೆಳಿಗ್ಗೆ ತೂಕ ನೋಡಬೇಕು, ಎರಡು ಕಿಲೋ ಏರಿದರೂ ಓಡಿ ಬರಬೇಕು ಎಂದು ಡಾಕ್ಟರು ಹೇಳಿದ್ದರು. ಏರಿದ್ದು ಕೊಬ್ಬಲ್ಲ, ನೀರು ಎಂದು ಅರ್ಥ. ಮೂಡಲಗಿಯಲ್ಲಿ ನಮ್ಮ ಮನೆಯ ಬಾಜೂಕೇ ಗೋವಿನಜೋಳದ ವ್ಯಾಪಾರಿಯ ಅಂಗಡಿ. ಚೀಲ ತೂಗುವ ಕಾಟಾದ ಮೇಲೆ ಇವರು ನಿಲ್ಲುವರು. ಚಷ್ಮಾ ಇಲ್ಲದೆ ಇವರಿಗೆ ಅಂಕಿ ಕಾಣದು, ವ್ಯಾಪಾರಿ ಓದಿ ಹೇಳುವರು. ದಿನವೂ ಎಪ್ಪತ್ತು.

ಆದರೆ ಇವರ ಕಾಲು ಚಪ್ಪಲಿಯಲ್ಲಿ ಹಿಡಿಸದಾಯಿತು. ಮೆಟ್ಟಿಲು ಹತ್ತಿದರೆ ತೇಕು. "ದವಾಖಾನಿಗೆ ನಡೀರಿ" ಎಂದರೆ, "ತೂಕ ಏರಿಲ್ಲ, ಸುಮ್ನಿರು" ಎನ್ನುವರು. ಒಂದು ಬೆಳಿಗ್ಗೆ ನಾನೂ ಜೊತೆಗೆ ಹೋದೆ.

ಕಾಟಾ ಎಪ್ಪತ್ತನಾಲ್ಕು ತೋರಿಸಿತು. ವ್ಯಾಪಾರಿ ಕೂಗಿದರು, "ಎಪ್ಪತ್ತು!"

"ಅಣ್ಣಾರ, ಎಪ್ಪತ್ನಾಕ ಐತಲ್ರಿ!"

"ಖರೆ ಐತಿ ವೈನಿ. ಆದ್ರ ಕಾಲಾಗ ನೀರ ಬಂದೈತಿ ಅಂತ ಅವರ ಹೇಳಿದ್ರು. ಹಸಿ ಮಾಲಿಗೆ ನೀರಿನ ತೂಕ ತಗದ ಹೇಳೂದ ನಮ್ಮ ಪದ್ಧತಿ. ನಾ ಯಾರಿಗೂ ಅನ್ಯಾಯ ಮಾಡಾಂವಲ್ಲ."

ಇವರನ್ನು ಗಾಡಿಗೆ ಹಾಕಿಕೊಂಡು ಗೋಕಾಕಕ್ಕೆ ಓಡಿದೆವು. ಇನ್ನೊಂದು ದಿನ ತಡೆದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟು ನೀರೆಲ್ಲ ಮೂತ್ರದಲ್ಲಿ ಹೊರಹಾಕಿಸಿದ ಮೇಲೆ ಇವರ ಉಸಿರು ಹಗುರಾಯಿತು. ತೂಕದ ವಿಷಯ ಕೇಳಿದ ಡಾಕ್ಟರು ಕೆಂಡವಾದರು. "ಯಾರ್ರೀ ಆ ವ್ಯಾಪಾರಿ? ಕರೀರಿ ಇಲ್ಲಿ!"

ಇವರು ಹಾಸಿಗೆಯಿಂದಲೇ ಕೈಮುಗಿದರು. "ಅವಗ ಬೈಬ್ಯಾಡ್ರಿ ಸಾಹೇಬ್ರ. ಈ ನೀರ ತಗ್ಯಾಕ ನಿಮಗ ಎಷ್ಟ ಸೂಜಿ ಚುಚ್ಚಬೇಕಾತು ನೋಡ್ರಿ. ಅಂವಾ ದಿನಾ ಬರೇ ಬಾಯಿಲೆ ತಗೀತಿದ್ದ!"