ಸೊನ್ನೆಗೂ ಒಂದು ಹನಿ

ಚೆನ್ನಾಗಿ ನಡೆಯುತ್ತಿರುವುದನ್ನು ಚೆಂದ ಮಾಡಲು ಹೋಗುವುದು ಒಂದು ಕಾಯಿಲೆ. ಕೆಲವರಿಗೆ ಅದು ಮನೆಯ ಸುಣ್ಣಬಣ್ಣದ ರೂಪದಲ್ಲಿ ಬರುತ್ತದೆ, ಕೆಲವರಿಗೆ ಮೀಸೆಯ ರೂಪದಲ್ಲಿ. ನನಗೆ ವೆಬ್‌ಸೈಟಿನ ರೂಪದಲ್ಲಿ ಬಂತು. ಯಾವಾಗ ಬಂತು ಎಂದು ಕೇಳಬೇಡಿ. ಕಾಫಿ ಕೊಯ್ಲು ಮುಗಿದ ಮೇಲೆ ಎಂದು ನಾನು ಹೇಳುತ್ತೇನೆ. ಕೊಯ್ಲಿನ ನಡುವೆಯೇ, ಕಣದ ಕೆಲಸ ತಪ್ಪಿಸಿಕೊಳ್ಳಲು ಎಂದು ಹೆಂಡತಿ ಪುಷ್ಪಾ ಹೇಳುತ್ತಾಳೆ. ತಂತ್ರಾಂಶದಲ್ಲಾದರೆ ತಿದ್ದುವ ಮುಂಚಿನ ಪ್ರತಿಗಳೆಲ್ಲ ಉಳಿದಿರುತ್ತವೆ. ಯಾವ ಸಾಲನ್ನು ಯಾರು ಕೆಡಿಸಿದರೆಂದು ತೆಗೆದು ತೋರಿಸಬಹುದು. ನೆನಪಿಗೆ ಆ ಮರ್ಯಾದೆಯಿಲ್ಲ. ಅದು ಹಳೆಯದರ ಮೇಲೆಯೇ ಬರೆದು, ಇದೇ ಮೂಲ ಎಂದು ಆಣೆ ಮಾಡುತ್ತದೆ. ಆದ್ದರಿಂದ ಮುಂದೆ ಎಲ್ಲಾದರೂ ನಾನು ತೀರಾ ಜಾಣನಂತೆ ಕಂಡರೆ, ಆ ಭಾಗವನ್ನು ಆಮೇಲೆ ತಿದ್ದಲಾಗಿದೆ ಎಂದು ತಿಳಿಯಿರಿ.

ನಮ್ಮ ಕೊಡಗಿನಲ್ಲಿ ಮಳೆ ಬಂದ ಮರುದಿನದ ಫೋನಿನಲ್ಲಿ ಕ್ಷೇಮಸಮಾಚಾರ ಆಮೇಲೆ. "ನಿಮಗೆಷ್ಟು ಬಂತು?" ಎಂಬುದೇ ಮೊದಲು. ಅಂಗಳದ ರೈನ್ ಗೇಜು ನೋಡಿಕೊಂಡು ಬಂದು "ನಲವತ್ತು ಸೆಂಟು" ಎನ್ನಬೇಕು. ಇಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟು. ಕಾಫಿ ಹೂವಿನ ಮಳೆಗೆ ಕಾಯುವ ಬೇಸಿಗೆಯಲ್ಲಂತೂ ಪಕ್ಕದೂರಿನ ಸೆಂಟು ಕೇಳಿ ಊಟ ಸೇರದವರಿದ್ದಾರೆ. ಗೋಣಿಕೊಪ್ಪದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನು ಈ ಫೋನುಗಳ ಕಾಟ ತಾಳಲಾರದೆ 'ಮಳೆಲೆಕ್ಕ' ಎಂಬ ತಂತ್ರಾಂಶ ಬರೆದೆ. ಊರೂರಿನವರು ತಮ್ಮ ಮಳೆಯನ್ನು ತಾವೇ ತುಂಬುತ್ತಾರೆ, ಎಲ್ಲರೂ ನೋಡುತ್ತಾರೆ. ಅದು ಮುಕ್ತ ತಂತ್ರಾಂಶ. ಎಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಬೈಯಬಹುದು. ಮೂರನೆಯದಕ್ಕೆ ಎಂದೂ ಜನರ ಕೊರತೆಯಾಗಿಲ್ಲ.

ಹಳೆಯ ವೆಬ್‌ಸೈಟು ಒಂದು ಉದ್ದನೆಯ ಪಟ್ಟಿ, ಅಷ್ಟೆ. ಊರು, ಮಳೆ, ಊರು, ಮಳೆ. ನೆತ್ತಿಯ ಮೇಲೆ ನಾನೇ ಬರೆದ ಕೊಡೆಯ ಚಿತ್ರ. ಅದು ಕೊಡೆಯೆಂದು ನಂಬಿದವನು ನಾನೊಬ್ಬನೇ. ಯಾರೋ ಪುಣ್ಯಾತ್ಮರು ಎರಡು ಕೆಜಿ ಅಣಬೆ ಕಳಿಸಿಕೊಡಿ ಎಂದು ಬರೆದಿದ್ದರು. ಕೊನೆಗೆ ಯೂರೋಪಿನಲ್ಲೆಲ್ಲೋ ಕುಳಿತ ಮಾರ್ತಾ ಎಂಬ ವಿನ್ಯಾಸಕಿ ಕನಿಕರಪಟ್ಟು, ಬಿಟ್ಟಿಯಾಗಿ ಎಲ್ಲವನ್ನೂ ಹೊಸದು ಮಾಡಿಕೊಡುತ್ತೇನೆಂದಳು. ಪಟ್ಟಿ ಹೋಗಲಿ, ನಕ್ಷೆ ಬರಲಿ. ಒಂದೊಂದು ಊರಿನ ಮೇಲೆ ಒಂದು ನೀಲಿ ಹನಿ. ಮಳೆ ಹೆಚ್ಚಿದ್ದಲ್ಲಿ ದಪ್ಪ, ಕಡಿಮೆಯಿದ್ದಲ್ಲಿ ಸಣ್ಣ. ಲಾಂಛನವೂ ಅದೇ ಹನಿ. ನಾನು ಕುಣಿದುಬಿಟ್ಟೆ.

ಕಕ್ಕಬೆಯಲ್ಲಿ ಹೋಂಸ್ಟೇ ನಡೆಸುವ ಗೆಳೆಯ ಬೋಪಣ್ಣ ಕುಣಿಯಲಿಲ್ಲ. "ಬರೀ ಹನಿ ಎಂತದಕ್ಕೆ ಮಾರಾಯ? ಒಳಗೆ ಒಂದು ಕಾಫಿ ಬೀಜ ಇಡು. ಮೇಲೆ ಒಂದು ಆನೆ."

"ಹನಿಯ ಮೇಲೆ ಆನೆ ಹೇಗೆ ನಿಲ್ಲುತ್ತೆ?"

"ನಮ್ಮ ಬೋರ್ಡಲ್ಲಿ ಮೋಡದ ಮೇಲೆ ನಿಂತಿದೆಯಲ್ಲ!"

ಅವನ ಬಾಯಿ ಮುಚ್ಚಿಸಿದ್ದು ಹೊಸ ಸೈಟು ತೆರೆದ ವಾರವೇ ಕಕ್ಕಬೆಗೆ ಬಿದ್ದ ಮಳೆ. ಅವನ ಊರಿನ ಮೇಲೆ ಹಲಸಿನ ಹಣ್ಣಿನಷ್ಟು ಹನಿ. ಅದನ್ನು ಅತಿಥಿಗಳಿಗೆ ತಾನೇ ಬಿಡಿಸಿದವನಂತೆ ತೋರಿಸತೊಡಗಿದ. ನಾನು ಆ ಸಂಜೆ ಪುಷ್ಪಾಳಿಗೂ ತೋರಿಸಿದೆ. "ಚೆನ್ನಾಗಿದೆ. ಅಂಗಳದಲ್ಲಿ ಒಣಗಿಸಿದ್ದ ಮೆಣಸು ಯಾರು ತೆಗೀತಾರೆ?" ಎಂದಳು.

ಮರುದಿನ ಜಿಲ್ಲೆಯ ಗಡಿಯ ಶಿರಂಗಾಲದಿಂದ ರಾಮೇಗೌಡರ ಫೋನು. ಜೋಳ, ಶುಂಠಿ ಬೆಳೆಯುವ ಅವರು ಸಹಕಾರ ಸಂಘದ ಚುನಾವಣೆಗಳಲ್ಲಿ ಪಳಗಿದ ಗಂಟಲಿನವರು. ಮಳೆಲೆಕ್ಕಕ್ಕೆ ಒಂದು ದಿನವೂ ತಪ್ಪಿಸದವರು.

"ಏನ್ ಸಾ, ನಮ್ಮೂರ್ನ ಪಕ್ಕದ ಜಿಲ್ಲೆಗೆ ಬರ್ಕೊಟ್ಬುಟ್ರಾ?"

ನಕ್ಷೆ ನೋಡಿದೆ. ಶಿರಂಗಾಲ ಇರಲಿಲ್ಲ. ಹನಿ ಸಣ್ಣದಾಗಿಯಾದರೂ ಇರಬೇಕಿತ್ತು. ಊರಿನ ಹೆಸರೇ ಇಲ್ಲ. "ಗೌಡ್ರೇ, ನೀವು ಮಳೆ ಹಾಕಿಲ್ಲವೇನೋ" ಎಂದೆ.

"ಹಾಕ್ದೆ ಏನು? ದಿನಾ ಸೊನ್ನೆ ಅಂತ ಹಾಕಿವ್ನಿ. ಬಂದ ನೆಂಟ್ರನ್ನ ಆ ಕಕ್ಕಬೆಯೋರಂಗೆ ಯಾರ್ ಬೇಕಾದ್ರೂ ಎಣಿಸ್ತಾರೆ ಸಾ. ಬರ್ದೇ ಇರೋರಿಗೆ ದಿನಾ ಬಾಗ್ಲು ತೆಗೆಯೋದೈತಲ್ಲ, ಅದು ಮಾಡಿ ನೋಡಿ. ಸೊನ್ನೆ ಅಂದ್ರೆ ಏನೂ ಇಲ್ಲ ಅಂತಲ್ಲ. ನಾನು ನೋಡ್ದೆ ಅಂತ!"

ತಪ್ಪು ಮಾರ್ತಾಳದ್ದಲ್ಲ, ನನ್ನದೇ. ಸೊನ್ನೆಯನ್ನೂ ಏನೂ ತುಂಬದೆ ಬಿಟ್ಟ ಖಾಲಿ ಜಾಗವನ್ನೂ ಒಂದೇ ಎಂದು ತಿಳಿಯುವ ಸಾಲೊಂದನ್ನು ಬರೆದಿದ್ದೆ. ವರ್ಷ ವರ್ಷವೂ ತರಗತಿಯಲ್ಲಿ ಇದೇ ತಪ್ಪು ಮಾಡಬೇಡಿ ಎಂದು ಕಪ್ಪು ಹಲಗೆ ಕುಟ್ಟಿ ಹೇಳುವವನು ನಾನು. ಗೌಡರು ಮಾತು ಮುಗಿಸಿರಲಿಲ್ಲ. "ಭಾನುವಾರದೊಳಗೆ ನಮ್ಮೂರು ಕಾಣ್ಲಿಲ್ಲ ಅಂದ್ರೆ ನಾನೂ ಬಿಟ್ಟೆ, ನಮ್ಮ ಕಡೆಯೋರೂ ಬಿಟ್ರು." ಅವರ ಕಡೆಯವರನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದು ತಂದು ಸೇರಿಸಿದವರೇ ಅವರು. ಅವರು ಬಿಟ್ಟರೆ ಜಿಲ್ಲೆಯ ಬಡಗಣ ಮೂಲೆ ಪೂರ್ತಿ ಕುರುಡು. ಮಳೆ ಬರುವ ಕಡೆಯ ಮಳೆಯನ್ನಷ್ಟೇ ಹೇಳಲು ತಂತ್ರಾಂಶ ಯಾಕೆ ಬೇಕು, ಕಪ್ಪೆ ಸಾಕು.

ಮಾರ್ತಾಳಿಗೆ ಬರೆದೆ. ಮಳೆಯೇ ಇಲ್ಲವೆಂದು ಒಬ್ಬರು ದಿನಾ ಎದ್ದು ದಾಖಲಿಸುತ್ತಾರೆಂಬುದನ್ನು ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ, ಗೌಡರ ಅಭಿಮಾನಿಯಾಗಿ, ಒಂದು ಖಾಲಿ ಹನಿಯನ್ನು ಕಳಿಸಿದಳು. ಬರೀ ತೆಳುವಾದ ನೀಲಿ ಗೆರೆ, ಒಳಗೆ ಬಿಳಿ. ಭಾನುವಾರದೊಳಗೆ ಶಿರಂಗಾಲ ಮರಳಿ ಭೂಪಟ ಸೇರಿತು. ಗೌಡರು ಅದನ್ನು ನೆಂಟರಿಷ್ಟರಿಗೆಲ್ಲ ಕಳಿಸಿ, ನನಗೊಂದು ಷರತ್ತನ್ನೂ ಹಾಕಿದರು: "ಒಂದ್ ವಾರ ಏನೂ ಹಾಕ್ದೇ ಇರೋ ಊರ್ನ ಮುಲಾಜಿಲ್ದೆ ತೆಗೀರಿ ಸಾ." ನ್ಯಾಯವೆನ್ನಿಸಿತು. ಹುರುಪಿನಿಂದ ಬರೆದು ಸೇರಿಸಿದೆ.

ಮೊದಲು ಮಾಯವಾದ ಊರು ನಮ್ಮ ಗೋಣಿಕೊಪ್ಪ.

"ಸಾ," ಗೌಡರ ದನಿಯಲ್ಲಿ ಬೆಲ್ಲ ಕರಗುತ್ತಿತ್ತು, "ನೀವೇನು ಊರ್ ಬಿಟ್ರಾ?"

ಲಾಂಛನದ ನೀಲಿ ಸ್ವಲ್ಪ ಗಾಢವಾಗಬೇಕೇ ಎಂಬ ಚರ್ಚೆಯಲ್ಲಿ ಮುಳುಗಿ ನಾನು ಅಂಗಳದ ಗೇಜಿನ ಕಡೆ ತಲೆಹಾಕಿಯೂ ನೋಡಿರಲಿಲ್ಲ. ಅದರೊಳಗೆ ಜೇಡವೊಂದು ನೆಮ್ಮದಿಯಾಗಿ ಸಂಸಾರ ಹೂಡಿತ್ತು. "ಮಳೆ ಬಂದಿಲ್ಲ ಗೌಡ್ರೇ, ಈಗಲೇ ಸೊನ್ನೆ ಹಾಕ್ತೀನಿ" ಎಂದೆ.

"ಅಂಗೆ ಹಾಕ್ಬಾರ್ದು ಸಾ. ಸೊನ್ನೆ ಹಾಕಕ್ಕೆ ನೋಡಿರ್ಬೇಕು."

ಜೇಡವನ್ನು ಒಕ್ಕಲೆಬ್ಬಿಸಿ, ಗೇಜು ತೊಳೆದು, ಮರುದಿನ ಬೆಳಿಗ್ಗೆ ಕಾಫಿಗೂ ಮೊದಲು ಹೋಗಿ ನೋಡುತ್ತೇನೆ: ನೀರು! ಎಂಬತ್ತು ಸೆಂಟಿಗೂ ಮೇಲೆ. ರಾತ್ರಿ ನಿದ್ದೆಯಲ್ಲಿ ಮಳೆಯ ಸದ್ದು ಕೇಳಿದ್ದು ನನಗೆ ಸ್ಪಷ್ಟವಾಗಿ ನೆನಪಾಯಿತು. ಮಣ್ಣಿನ ವಾಸನೆಯೂ ನೆನಪಾಯಿತು. ಒಂದು ಗುಡುಗೂ. ತಕ್ಷಣ ತುಂಬಿದೆ. ಇಡೀ ಕೊಡಗಿನ ಖಾಲಿ ಹನಿಗಳ ನಡುವೆ, ನಮ್ಮೂರಿನ ಮೇಲೊಂದು ದಪ್ಪ ನೀಲಿ ಹನಿ.

"ಎಂತ ಮಾರಾಯ, ನಿನಗೊಬ್ಬನಿಗೇ ಮಳೆಯಾ?" ಎಂದು ಬೋಪಣ್ಣ ಫೋನಿನಲ್ಲಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದಾಗ, ಪುಷ್ಪಾ ಲೋಟ ತಂದಿಟ್ಟು ಹೇಳಿದಳು: "ರೀ, ಪಕ್ಕದ ತೋಟದವರು ರಾತ್ರಿಯೆಲ್ಲಾ ಸ್ಪ್ರಿಂಕ್ಲರ್ ಹಾಕಿದ್ರಲ್ಲ. ನಮ್ಮ ಅಂಗಳವೂ ನೆನೆದಿದೆ. ಬಟ್ಟೆ ತೆಗೆಯಿರಿ ಅಂತ ಹೇಳಿದ್ದೆ ನಿಮಗೆ."

ಗುಡುಗು ಎಲ್ಲಿಂದ ಬಂತೋ ತಿಳಿಯದು. ಗೌಡರಿಗೆ ನಾನೇ ಫೋನು ಮಾಡಿ ಹೇಳಿಬಿಟ್ಟೆ. ಅವರು ನಕ್ಕು ನಕ್ಕು ಕೆಮ್ಮಿ, ಕೊನೆಗೆ ದೊಡ್ಡ ಮನಸ್ಸು ಮಾಡಿದರು.

"ಈಗ ಹಾಕಿ ಸಾ ಸೊನ್ನೆ. ಈಗ ನೋಡಿದ್ದೀರಿ."

ಹಾಕಿದೆ. ನೀಲಿ ಸೋರಿ ಹೋಗಿ ತೆಳುವಾದ ಗೆರೆಯಷ್ಟೇ ಉಳಿಯಿತು. ನಿಜ ಹೇಳಬೇಕೆಂದರೆ, ಮಾರ್ತಾಳ ವಿನ್ಯಾಸ ಬಹಳ ಚೆನ್ನಾಗಿದೆ.