ದೇವಪ್ಪನ ಗಂಬೂಟು

ಮುಟ್ಟಳ್ಳಿಯ ದೇವಪ್ಪನ ಮದುವೆಗೆ ಅಡ್ಡಗಾಲು ಹಾಕುತ್ತಿದ್ದದ್ದು ಅವನ ಸ್ವಂತ ಕಾಲುಗಳೇ. ಗದ್ದೆಯಲ್ಲಿ ಭತ್ತದ ನಟ್ಟಿ ಶುರುವಾಯಿತೆಂದರೆ ಬೆರಳ ಸಂದಿಗೆಲ್ಲ ಕೆಸರುಹುಣ್ಣು. ಕುಂಟುತ್ತ ಬಂದ ವರನನ್ನು ಕಂಡು ಹೋದ ವರ್ಷ ಹೆಣ್ಣಿನ ಕಡೆಯವರು ಅವಲಕ್ಕಿ ತಿಂದು ಎದ್ದುಹೋಗಿದ್ದರು. ಹಾಗಾಗಿ ಮಹಾಯುದ್ಧ ಮುಗಿದು ಕುಮಟಾದಲ್ಲಿ ಮಿಲಿಟರಿ ಸಾಮಾನು ಹರಾಜಾದಾಗ ಅವನು ಒಂದು ಜೋಡಿ ಗಂಬೂಟು ತಂದ. ಮೊಣಕಾಲುದ್ದ ರಬ್ಬರು, ಒಳಗೆ ದಪ್ಪ ಉಣ್ಣೆ. ಜೊತೆಗೆ ಹೋಗಿದ್ದ ನೆರೆಮನೆಯ ನಾಗಪತಿ, ಅವನೂ ಹೆಣ್ಣು ಸಿಗದವನೇ, ಬೂಟು ನೋಡಿ ದಾರಿಯುದ್ದಕ್ಕೂ ನಕ್ಕ. ತನ್ನ ಗೋಣಿಚೀಲ ತಟ್ಟಿ, "ನಾ ನೋಡು, ತದಡಿಯ ಒಣಮೀನು ತಕಂಡೆ" ಎಂದ.

ಹೊನ್ನಾವರದ ಶುಕ್ರ ನಾಯ್ಕರು ಮಗಳಿಗಾಗಿ ವರನ ಮನೆ ನೋಡಲು ಬರುವ ದಿನವೇ ಬೆಳಿಗ್ಗೆ ಗದ್ದೆಯ ಅಂಚು ಒಡೆದು ನೀರು ಹರಿಯತೊಡಗಿತು. ಈ ಮಳೆಗಾಲದಲ್ಲಿ ಇನ್ನೂ ಹುಣ್ಣಾಗದ ಕಾಲಿಗೆ ದೇವಪ್ಪ ಬೂಟು ಏರಿಸಿ ದೊರೆಯ ಹಾಗೆ ಗದ್ದೆಗಿಳಿದ. ನಟ್ಟಿಯ ಹೆಂಗಸರು ಹಾಡುತ್ತಿದ್ದ ಪದ ನಿಲ್ಲಿಸಿ ನೋಡಿದರು. ಅಷ್ಟರಲ್ಲೇ ಕಾಲು ತೊಡೆಯವರೆಗೆ ಹೂತು ಬೂಟಿನೊಳಗೆ ನೀರು ನುಗ್ಗಿತು. ಉಣ್ಣೆ ನೀರು ಕುಡಿದು ಉಬ್ಬಿತು. ಮನೆಗೆ ಬಂದು ಎಳೆದರೆ ಬೂಟು ಬರಲೊಲ್ಲದು.

ನಾಗಪತಿ ಎಳೆದ. ಬೂಟಿನ ಬದಲು ದೇವಪ್ಪನೇ ಜಗುಲಿಯಿಂದ ಅಂಗಳಕ್ಕೆ ಬಂದ. ಕೊಬ್ಬರಿ ಎಣ್ಣೆ ಹೊಯ್ದರೆ ಎಳೆಯುವವನ ಕೈ ಜಾರಿತೇ ಹೊರತು ಬೂಟು ಜಾರಲಿಲ್ಲ. ಆಚೆಮನೆಯ ಮಾಸ್ತಮ್ಮ ಬಂದು ಗಲ್ಲಕ್ಕೆ ಕೈಯಿಟ್ಟಳು.

"ಎಂತ ಮಾಡ್ಕಂಡ್ಯೋ? ಹಿಂಗೇ ಕೂತ್ರೆ ಹೆಣ್ಣಿನ ಕಡೆಯವ್ರು, ಆನೆಕಾಲು ರೋಗ ಮುಚ್ಚಿಟ್ಟಿದಾನೆ ಅಂತ್ರು!"

ದೇವಪ್ಪ ಬೂಟನ್ನು ತಾನೇ ಮತ್ತೊಮ್ಮೆ ಜಗ್ಗಿದ. ಆ ಮಾತು ಒಮ್ಮೆ ಹುಟ್ಟಿದರೆ ಮತ್ತೆ ಯಾವ ಊರಲ್ಲೂ ಹೆಣ್ಣು ಸಿಗುವುದಿಲ್ಲ.

"ಧಾರೆ ದಿನ ಆ ಕಾಲು ತೊಳೆಯುವವ್ರು ಅವ್ರೇ ಅಲ್ದಾ? ನೋಡ್ದೆ ಬಿಡ್ತ್ರಾ?" ಮಾಸ್ತಮ್ಮ ಒಗ್ಗರಣೆ ಹಾಕಿದಳು.

"ಕೊಯ್ದು ತೆಗೆಯುದೇ ಸೈ," ಎಂದ ನಾಗಪತಿ, ಕತ್ತಿ ಹುಡುಕುತ್ತ.

"ಆತು, ಕೊಯ್ಯೋ ಮಾರಾಯ" ಎಂದು ದೇವಪ್ಪ ಕಣ್ಣು ಮುಚ್ಚಿದ. ಆಸೆಪಟ್ಟು ತಂದ ಬೂಟು ಕೊಯ್ಯುವುದನ್ನು ನೋಡಲಾಗಲಿಲ್ಲ. ನಾಗಪತಿ ಹಲಸಿನಹಣ್ಣು ಬಿಡಿಸಿದಂತೆ ಬೂಟು ಬಿಡಿಸಿದ. ಮಾಸ್ತಮ್ಮ ಚೂರುಗಳನ್ನು ಗೊಬ್ಬರಗುಂಡಿಗೆ ಎಸೆದು ಬಂದಳು.

ಶುಕ್ರ ನಾಯ್ಕರು ಬಂದು ಕೂತರು. ದೇವಪ್ಪ ಬೇಕೆಂದೇ ಅಂಗಳದಲ್ಲಿ ಅತ್ತಿತ್ತ ನಡೆದ, ಅವರೆದುರೇ ಮತ್ತೆ ಮತ್ತೆ ಕಾಲು ತೊಳೆದ. ನಾಯ್ಕರ ಕಣ್ಣು ಮಾತ್ರ ಜಗುಲಿಯ ಮೂಲೆ ಮೂಲೆಯಲ್ಲಿ ಏನನ್ನೋ ಹುಡುಕುತ್ತಿತ್ತು.

"ತಮಾ, ನಿಮ್ಮನೇಲಿ ಗಂಬೂಟು ಅದೆ ಅಂತ ಕೇಳಿದ್ದೆ. ಎಲ್ಲದೆ?"

ದೇವಪ್ಪ ಎರಡೂ ಕೈ ಅಲ್ಲಾಡಿಸಿದ. "ಗಂಬೂಟಾ? ಛೇ ಛೇ, ಅಂಥದ್ದೆಲ್ಲ ನಮ್ಮನೇಲಿ ಇಲ್ಲ. ಗದ್ದೆ ಮಾಡುವವಂಗೆ ಬೂಟು ಎಂತಕೆ?"

ನಾಯ್ಕರ ಮುಖ ಸಪ್ಪಗಾಯಿತು. "ನಮ್ಮ ಮಗಳು ಗಣಪಿಗೆ ಮಳೆಗಾಲ ಬಂದ್ರೆ ಕಾಲ್ತುಂಬ ಕೆಸರುಹುಣ್ಣು. 'ಕೊಟ್ರೆ ಗಂಬೂಟು ಇದ್ದ ಮನೆಗೆ ಕೊಡು, ಇಲ್ದಿದ್ರೆ ಮದುವೆಯೇ ಬ್ಯಾಡ' ಅಂತ ಹಟ ಹಿಡ್ದು ಕೂತದೆ. ಅದ್ಕೇ ಇಲ್ಲಿವರೆಗೆ ಬಂದದ್ದು."

ದೇವಪ್ಪ ಗೊಬ್ಬರಗುಂಡಿಯ ಕಡೆ ನೋಡಿದ. ನಾಗಪತಿ ಮೆಲ್ಲಗೆ ತನ್ನ ಮನೆಗೆ ಹೋಗಿ ಗೋಣಿಚೀಲ ಹೊತ್ತು ತಂದ. ಚೀಲದ ಬಾಯಿ ಬಿಚ್ಚಿದರೆ ಒಣಮೀನಿನ ವಾಸನೆಯೇ ಇಲ್ಲ. ಒಳಗಿಂದ ಮಿರಿಮಿರಿ ಮಿಂಚುವ ಒಂದು ಜೋಡಿ ಗಂಬೂಟು ಹೊರಬಂತು.

"ನಮ್ಮನೆ ಇಲ್ಲೇ ಪಕ್ಕ," ಎಂದ ನಾಗಪತಿ, ನೆಲ ನೋಡುತ್ತ. "ಬನ್ನಿ, ಆಸರಿ ಕುಡ್ಕಂಡು ಹೋಗಿ."

ನಾಯ್ಕರು ಎದ್ದರು. ಮೆಟ್ಟಿಲಿಳಿಯುವಾಗ ಪಾಪ ಅನ್ನಿಸಿರಬೇಕು, ದೇವಪ್ಪನ ಬೆನ್ನು ತಟ್ಟಿದರು.

"ಬೇಜಾರ ಮಾಡ್ಕಬ್ಯಾಡ ತಮಾ. ಕಾಲು ಮಾತ್ರ ಚಲೋ ಅದೆ."