ಕೋರಂ ಇಲ್ಲದ ಮೀಟಿಂಗು

ನಮ್ಮ ಅತ್ತೆಯ ಮನೆಗೆ ಹೋಗುವವರಿಗೆ ನನ್ನದೊಂದೇ ಬುದ್ಧಿಮಾತು: ಚಹಾ ಕುಡಿಯಿರಿ, ಅವಲಕ್ಕಿ ಚೂಡಾ ತಿನ್ನಿ. ಆದರೆ ಅವಳ ಕೈ ಫ್ಯಾನಿನ ಸ್ವಿಚ್ಚಿನ ಕಡೆ ಹೊರಟಿತೋ, ಚಪ್ಪಲಿ ಹುಡುಕಿಕೊಳ್ಳಿ!

ಅತ್ತೆ ಅಂದರೆ ನನ್ನ ತಂದೆಯ ಅಕ್ಕ. ವಿಜಯಪುರದವಳು, ಮುಂಬಯಿಗೆ ಬಂದು ಐವತ್ತು ವರ್ಷವಾಯಿತು. ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಅವಳದು ಮೊದಲ ಮಹಡಿ, ನನ್ನದು ಎರಡನೆಯದು. ಹಾಗಾಗಿ ಭೂಮಿಯ ಜ್ವರ ಇಳಿಸಲು ಅವಳು ಮಾಡುವ ಪ್ರಯೋಗಗಳೆಲ್ಲ ಮೊದಲು ನಡೆಯುವುದು ನನ್ನ ಮೇಲೆ.

ಮೊದಲು ಹೀಗಿರಲಿಲ್ಲ. ಎಲ್ಲರ ಅತ್ತೆಯರಂತೆ ಮಂಡಿನೋವಿನ ಬಗ್ಗೆ ಮಾತಾಡಿಕೊಂಡು ಚೆನ್ನಾಗಿಯೇ ಇದ್ದಳು. ಹೋದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ತರಕಾರಿ ತರಲು ಹೋದವಳಿಗೆ ಗೇಟಿನ ಪಕ್ಕದ ತಗಡಿನ ಕ್ಯಾಬಿನ್ನಿನಲ್ಲಿ ನಮ್ಮ ವಾಚ್‌ಮನ್ ಸ್ಟೂಲಿನಿಂದ ಕೆಳಗೆ ಬಿದ್ದಿದ್ದು ಕಾಣಿಸಿತು. ಮೇಲೆ ಸೂರ್ಯ, ಸುತ್ತ ತಗಡು, ಎದುರು ಗೋಡೆಯ ತುಂಬ ನಮ್ಮೆಲ್ಲರ ಏಸಿಗಳ ಬಿಸಿಗಾಳಿ. ಅತ್ತೆ ಚೀಲ ಅಲ್ಲೇ ಬಿಟ್ಟು, ತಲೆಗೆ ನೀರು ಸುರಿದು, ರಿಕ್ಷಾ ಹಿಡಿದು ಅವನನ್ನು ಆಸ್ಪತ್ರೆಗೆ ಒಯ್ದಳು. ಬಿಲ್ಡಿಂಗಿನವರ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಇಪ್ಪತ್ತು ಜನ ಕೈಮುಗಿದ ಚಿತ್ರ ಹಾಕಿದರು. ಇಪ್ಪತ್ತೊಂದನೆಯವರು, ಗೇಟಿನಲ್ಲಿ ಎರಡು ತಾಸು ಯಾರೂ ಇರಲಿಲ್ಲ, ಇದು ಯಾರ ಹೊಣೆ ಎಂದು ಕೇಳಿದರು!

ಮೂರನೇ ದಿನ ವಾಚ್‌ಮನ್ ಅದೇ ಡಬ್ಬಿಯೊಳಗೆ ಬಂದು ಕುಳಿತ. ಅತ್ತೆ ಕೆರಳಿದ್ದು ಅವತ್ತು. ಟೆರೇಸಿನ ಮೇಲೆ ಸೋಲಾರ್ ಹಾಕಬೇಕು, ಆ ಕರೆಂಟಿನಲ್ಲಿ ತಿರುಗುವ ಫ್ಯಾನು ಇಟ್ಟು ಅವನಿಗೆ ನೆರಳಿನ ಕಡೆ ಇಟ್ಟಿಗೆಯ ಕ್ಯಾಬಿನ್ ಕಟ್ಟಬೇಕು ಎಂದು ಹಟ ಹಿಡಿದಳು. "ಬಿಸಲು ಎಲ್ಲಾರಿಗೂ ಒಂದ ಅಂತೀರಿ. ನೀವು ಒಳಗ ತಣ್ಣಗ ಇದ್ದೀರಿ, ನಿಮ್ಮ ಬಿಸಿನೂ ಅವ್ನ ತಿನ್ನಬೇಕೇನು?" ಎಂದು ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ ಕೇಳತೊಡಗಿದಳು. ಪಾಪ, ಜನ ಮೆಟ್ಟಿಲು ಹತ್ತುವ ಅಭ್ಯಾಸ ಮಾಡಿಕೊಂಡರು. ಕರೆಂಟಂತೂ ಉಳಿಯಿತು!

ಆಮೇಲೆ ಅವಳ ಸಿಟ್ಟು ಗೇಟು ದಾಟಿತು. ಚುನಾವಣೆ ಬಂದಾಗ ಒಬ್ಬ ಉಮೇದುವಾರ ಕೈಮುಗಿಯುತ್ತ ಮನೆಯೊಳಗೆ ಬಂದ. ಅತ್ತೆ ಪ್ರೀತಿಯಿಂದ ಕೂರಿಸಿ, ಕಿಟಕಿ ಮುಚ್ಚಿ, ಫ್ಯಾನ್ ಬಂದ್ ಮಾಡಿ ಎದುರು ಕುಳಿತಳು.

"ಮಾವ್ಶಿ, ಪಂಖಾ?" ಎಂದ ಆತ, ಕುತ್ತಿಗೆ ಒರೆಸಿಕೊಳ್ಳುತ್ತ.

"ಪಂಖಾ ಬಾದ್ ಮೇ. ನಮ್ಮ ರೋಡಿನ ಬಸ್ ಯಾಕ ಕಡಿಮಿ ಆದವು? ಸ್ಟೇಷನ್ ರೋಡಿನ ಗಿಡ ಯಾಕ ಕಡದ್ರಿ? ಅದನ್ನ ಹೇಳು ಮೊದ್ಲ."

ಅನುವಾದಕ್ಕೆ ನಾನಿದ್ದೆನಲ್ಲ, ಅದೇ ಸೆಕೆಯಲ್ಲಿ! ಹತ್ತು ನಿಮಿಷದಲ್ಲಿ ಆತ ಬಸ್ಸು ಕೊಟ್ಟ, ಗಿಡ ಕೊಟ್ಟ. ಇನ್ನೈದು ನಿಮಿಷ ಕೂರಿಸಿದ್ದರೆ ಏಪ್ರಿಲ್‌ನಲ್ಲೇ ಮಳೆಗಾಲ ತರಿಸುತ್ತಿದ್ದ. ಅತ್ತೆ ಎಲ್ಲವನ್ನೂ ಹಾಳೆಯ ಮೇಲೆ ಬರೆಸಿ, ಸಹಿ ಹಾಕಿಸಿಕೊಂಡು, ಫ್ಯಾನ್ ಹಚ್ಚಿದಳು. ಆ ಹಾಳೆ ಹಿಡಿದು ತಿಂಗಳಿಗೊಮ್ಮೆ ಅವನ ಆಫೀಸಿಗೆ ಹೋಗುತ್ತಾಳೆ. ಅವಳು ಬರುವ ದಿನ ಅಲ್ಲಿ ಯಾರೂ ಇರುವುದಿಲ್ಲ ಎನ್ನುವುದು ಬೇರೆ ಮಾತು.

ಸಾಂತಾಕ್ರೂಜಿನಲ್ಲಿ ನಡೆದ ನೆಂಟರ ನಾಮಕರಣದ ಕತೆ ಕೇಳಿ. ಹಾಲ್ ಎಷ್ಟು ತಣ್ಣಗಿತ್ತೆಂದರೆ ಹೆಂಗಸರು ಉಡುಗೊರೆ ಸೀರೆಗಳನ್ನೇ ಹೊದ್ದು ಕುಳಿತಿದ್ದರು. ಅತ್ತೆ ಸೀದಾ ಹೋಗಿ ಮೈಕ್ ಕಸಿದುಕೊಂಡಳು. "ಚಳಿ ಆಗೋರು ಕೈ ಎತ್ರಿ!" ಪುರೋಹಿತರೂ ಎತ್ತಿದರು. ಉಡುಪಿ ಕಡೆಯ ಮಾಲೀಕರು ಓಡಿ ಬಂದರು.

"ಎಂಥ ಅಮ್ಮ ಇದು? ಶಾಲು ಹೊದೆಯುವಷ್ಟು ಚಳಿ ಇಲ್ಲದಿದ್ರೆ ನಮ್ಮದು ಏಸಿ ಹಾಲ್ ಅಂತ ಯಾರೂ ನಂಬುದಿಲ್ಲ, ಮಾರಾಯ್ರೆ!"

"ನಿಮಗ ಚಳಿ ಇಲ್ಲೇನು?" ಎಂದಳು ಅತ್ತೆ. ಮಾಲೀಕರು ಅತ್ತಿತ್ತ ನೋಡಿ, ಮೆಲ್ಲಗೆ ಕೈ ಎತ್ತಿದರು.

ಆದರೆ ನಮ್ಮ ಸೊಸೈಟಿ ನಾಮಕರಣದ ಹಾಲ್ ಅಲ್ಲ. ವರ್ಷದ ಮೀಟಿಂಗಿನಲ್ಲಿ ಸೋಲಾರಿನ ವಿಷಯವನ್ನು ಕಟ್ಟಕಡೆಗೆ ಇಟ್ಟರು. ಅಷ್ಟು ಹೊತ್ತಿಗೆ ಸಮೋಸಾ ಪೊಟ್ಟಣ ಬಿಚ್ಚಿಯಾಗಿತ್ತು. ಸಮೋಸಾ ಬಿಚ್ಚಿದ ಮೇಲೆ ಭೂಮಿಯನ್ನು ಉಳಿಸುವವರು ಯಾರು?

ಅದೇ ಮೀಟಿಂಗಿನಲ್ಲಿ ನಾವೊಂದು ತಪ್ಪು ಮಾಡಿದೆವು. ಸೆಕ್ರೆಟರಿ ಆಗಲು ಯಾರೂ ಒಪ್ಪಲಿಲ್ಲ. ಮುಂಬಯಿಯ ಯಾವ ಬಿಲ್ಡಿಂಗಿನಲ್ಲಿ ಒಪ್ಪುತ್ತಾರೆ ಹೇಳಿ! ನಾನು ತಮಾಷೆಗೆ ಅತ್ತೆಯ ಹೆಸರು ಸೂಚಿಸಿದೆ. ಎಲ್ಲರೂ ಸಮೋಸಾ ಹಿಡಿದ ಕೈಯನ್ನೇ ಎತ್ತಿಬಿಟ್ಟರು.

ಈ ವರ್ಷ ಬೋರ್ಡಿನ ಮೇಲೆ ನೋಟೀಸು ಬಂತು. ವಿಶೇಷ ಮೀಟಿಂಗು. ಸ್ಥಳ: ಟೆರೇಸು. ಮೇ ತಿಂಗಳ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ವಿಷಯ ಒಂದೇ: ಸೋಲಾರ್ ಮತ್ತು ವಾಚ್‌ಮನ್ ಕ್ಯಾಬಿನ್. ಸಮೋಸಾ ಇಲ್ಲ!

ಸೊಸೈಟಿಯ ಕಾನೂನು ಇಲ್ಲಿ ಎಲ್ಲರಿಗೂ ಬಾಯಿಪಾಠ. ಸಾಕಷ್ಟು ಜನ ಸೇರದಿದ್ದರೆ ಕೋರಂ ಇಲ್ಲವೆಂದು ಮೀಟಿಂಗ್ ಅರ್ಧ ತಾಸು ಮುಂದಕ್ಕೆ ಹೋಗುತ್ತದೆ. ಆಮೇಲೆ ಎಷ್ಟೇ ಜನ ಇರಲಿ, ಅವರು ಪಾಸು ಮಾಡಿದ್ದು ಎಲ್ಲರಿಗೂ ಲಾಗೂ. ಇಷ್ಟು ಖರ್ಚಿನ ವಿಷಯ, ಬೇರೆ ಯಾರಾದರೂ ಹೋಗಿ ವಿರೋಧಿಸುತ್ತಾರೆ ಬಿಡು ಎಂದು ಎಲ್ಲರೂ ಏಸಿ ಹಚ್ಚಿ ಮಲಗಿದರು. "ತುಮ್ಹಾರೀ ಬುವಾ ಹೈ, ತುಮ್ ಹೀ ರೋಕೋ" ಎಂದು ಚೇರ್ಮನ್ನರು ಅತ್ತೆಯನ್ನು ತಡೆಯಲು ನನ್ನನ್ನು ಮೇಲೆ ಕಳಿಸಿದರು.

ನಾನು ವಿರೋಧಿಸಲೆಂದೇ ಹೋದವನು, ನಿಜ. ಟೆರೇಸಿನಲ್ಲಿ ಅತ್ತೆ, ಮೇಲಿನ ಮಹಡಿಯ ಗುಜರಾತಿ ಗಂಡಹೆಂಡತಿ, ನಾನು. ಕುರ್ಚಿಗಳನ್ನು ಹೊತ್ತು ತಂದ ವಾಚ್‌ಮನ್, ಅತ್ತೆಯ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದ. ಅರ್ಧ ತಾಸು ಕಾದೆವು. ನನ್ನ ರಬ್ಬರ್ ಚಪ್ಪಲಿ ಕೆಳಗೆ ಅಂಟತೊಡಗಿತ್ತು. ನೀರಿನ ಟಾಕಿಯ ನೆರಳೂ ಬಿಸಿಯಾಗಿತ್ತು.

"ಒಪ್ಪೋರು ಕೈ ಎತ್ರಿ," ಎಂದಳು ಅತ್ತೆ. ಮೂರು ಕೈ ಎದ್ದವು. ನಾಲ್ಕನೆಯದು ನನ್ನದು! ಮೀಟಿಂಗು ಮುಗಿದರೆ ಸಾಕಾಗಿತ್ತು ನನಗೆ.

ಅತ್ತೆ ನಡಾವಳಿ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು. "ಬರಿ. ಹಾಜರಿದ್ದವರು ಐದು ಮಂದಿ."

"ನಾಲ್ಕು, ಅತ್ತೆ. ಅವನು ಮೆಂಬರ್ ಅಲ್ಲ."

"ವೋಟ್ ಹಾಕಿದ ಅಂತ ಬರಿ ಅಂದೆನೇನು ನಾ? ಇಲ್ಲೆ ಇದ್ದಾನೋ ಇಲ್ಲೋ, ಅಷ್ಟ ಹೇಳು."

ಇದ್ದ. ನಾಲ್ಕು ಹೆಸರು ಬರೆದು, ಐದನೆಯದಾಗಿ 'ವಾಚ್‌ಮನ್' ಎಂದು ಬರೆಯಹೊರಟೆ. ಅತ್ತೆ ಪೆನ್ನು ಹಿಡಿದ ನನ್ನ ಕೈಯನ್ನು ತಡೆದಳು. ನನ್ನ ಮುಖ ನೋಡಿದಳು. ಬಿಸಿಲಿಗೆ ಅವಳ ಕಣ್ಣುಗಳು ಕೆಂಪಾಗಿ ನೀರಾಡುತ್ತಿದ್ದವು. ಎಪ್ಪತ್ತೆರಡರ ಮುದುಕಿ ಈ ಕಾದ ಟೆರೇಸಿನ ಮೇಲೆ ಇಷ್ಟು ಹೊತ್ತಿನಿಂದ ಯಾರಿಗಾಗಿ ಕುಳಿತಿದ್ದಾಳೆ ಎಂದು ನನಗೆ ಆಗ ತಟ್ಟಿತು. ನನಗೆ ತುಂಬ ನಾಚಿಕೆಯಾಯಿತು.

ವಾಚ್‌ಮನ್ ಕಡೆ ತಿರುಗಿ ಹೆಸರು ಕೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ.

"ಪೂರಾ ನಾಮ್ ಲಿಖೇಂಗೇ, ಸಾಬ್?"

"ಪೂರಾ," ಎಂದೆ.

"ರಾಮ್‌ಸಜೀವನ್ ಯಾದವ್." ಹೇಳಿ, ಕೊಡೆಯನ್ನು ಕೊಂಚ ವಾಲಿಸಿ ಪುಸ್ತಕದ ಮೇಲೆ, ನನ್ನ ತಲೆಯ ಮೇಲೆ ನೆರಳು ಬರುವಂತೆ ಹಿಡಿದ. ಹನ್ನೊಂದು ವರ್ಷದಿಂದ ನನ್ನ ಏಸಿಯ ಬಿಸಿಗಾಳಿ ಯಾರ ಮೇಲೆ ಬೀಳುತ್ತಿತ್ತೆಂದು ಅವತ್ತು ನನಗೆ ಹೆಸರು ಸಮೇತ ಗೊತ್ತಾಯಿತು.